ಮನೆಯ ಮುದಿ ನಾಯಿಗೆ ಅರಳುಮರಳು: ಒಳಗೆ ಏನಾಗುತ್ತದೆ, ನಾವೇನು ಮಾಡಬಹುದು

ಹೋದ ಮಳೆಗಾಲದ ಒಂದು ರಾತ್ರಿ, ಎರಡು ಗಂಟೆ ಇರಬಹುದು. ನಮ್ಮ ಕೆಂಚ ಹಿತ್ತಲ ಬಾಗಿಲ ಹತ್ತಿರ ನಿಂತಿದ್ದ. ಉಚ್ಚೆಗೆ ಹೋಗಬೇಕೇನೋ ಅಂತ ಎದ್ದು ಹೋಗಿ ಬಾಗಿಲನ್ನು ಹೊರಗೆ ತಳ್ಳಿದೆ. ಅವನು ಅಲ್ಲಾಡಲಿಲ್ಲ. ಲೈಟ್ ಹಾಕಿ ನೋಡಿದರೆ ಅವನು ನಿಂತಿದ್ದು ಬಾಗಿಲು ತೆರೆದುಕೊಳ್ಳುವ ಕಡೆ ಅಲ್ಲ, ಕೀಲು ಇರುವ ಕಡೆ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಮೂಗು ಒತ್ತಿಕೊಂಡು, ದಾರಿ ಬಿಡುತ್ತದೆ ಅಂತ ಕಾಯುತ್ತಿದ್ದ. 14 ವರ್ಷ ದಿನಕ್ಕೆ ಹತ್ತು ಸಲ ಓಡಾಡಿದ ಬಾಗಿಲು ಅದು.

‘ವಯಸ್ಸಾಯ್ತಲ್ಲ, ಅರಳುಮರಳು’ ಅಂದರು ಅಮ್ಮ. ನಾನೂ ಹಾಗೇ ಅಂದುಕೊಂಡು ಒಂದು ತಿಂಗಳು ಸುಮ್ನೆ ಇದ್ದೆ. ಅಮ್ಮ ಹೇಳಿದ್ದು ತಪ್ಪೇನಲ್ಲ. ಆದರೆ ಈ ಅರಳುಮರಳಿಗೆ ಪಶುವೈದ್ಯರ ಬಳಿ ಒಂದು ಹೆಸರಿದೆ, ಅದನ್ನು ಗುರುತಿಸುವ ದಾರಿ ಇದೆ, ಮಾಡಬಹುದಾದ ಕೆಲಸಗಳೂ ಇವೆ. ಆ ಒಂದು ತಿಂಗಳು ಸುಮ್ನೆ ಇರಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಹೆಸರೇನು, ಎಷ್ಟು ನಾಯಿಗಳಿಗೆ ಬರುತ್ತದೆ

ವೈದ್ಯರು ಇದನ್ನು ಕೆನೈನ್ ಕಾಗ್ನಿಟಿವ್ ಡಿಸ್‌ಫಂಕ್ಷನ್ ಅನ್ನುತ್ತಾರೆ. ಚಿಕ್ಕದಾಗಿ ಸಿಸಿಡಿ. ಅಂದರೆ ನಾಯಿಯ ನೆನಪು, ಕಲಿಕೆ, ಸುತ್ತಲಿನದನ್ನು ಗುರುತಿಸುವ ಶಕ್ತಿ ವಯಸ್ಸಿನ ಜೊತೆ ಕುಂದುತ್ತಾ ಹೋಗುವುದು. ಮನುಷ್ಯರ ಮರೆಗುಳಿ ಕಾಯಿಲೆಗೆ ಇದು ಹತ್ತಿರದ ನೆಂಟ.

ಇದು ಅಪರೂಪದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 11-12 ವರ್ಷದ ನಾಯಿಗಳ ಪೈಕಿ ಶೇ. 28ರಲ್ಲಿ ಒಂದಾದರೂ ಲಕ್ಷಣ ಇತ್ತು. 15-16 ವರ್ಷದವುಗಳಲ್ಲಿ ಅದು ಶೇ. 68. ನನ್ನನ್ನು ಹೆಚ್ಚು ತಟ್ಟಿದ್ದು ಆಸ್ಟ್ರೇಲಿಯಾದ 2010ರ ಅಧ್ಯಯನ. ಅಲ್ಲಿ ವಯಸ್ಸಾದ ನಾಯಿಗಳಲ್ಲಿ ಶೇ. 14ರಷ್ಟಕ್ಕೆ ಈ ಕಾಯಿಲೆ ಇದ್ದಂತೆ ಕಂಡಿತು, ಆದರೆ ವೈದ್ಯರು ಗುರುತಿಸಿದ್ದು ಶೇ. 2ಕ್ಕೂ ಕಡಿಮೆ ನಾಯಿಗಳಲ್ಲಿ. ಮನೆಯವರು ‘ವಯಸ್ಸಾಯ್ತು’ ಅಂತ ಹೇಳದೇ ಬಿಟ್ಟರೆ ಡಾಕ್ಟರಿಗೆ ಗೊತ್ತಾಗುವುದಾದರೂ ಹೇಗೆ, ಅಲ್ವಾ? ಆಸ್ಪತ್ರೆಯ ಮೇಜಿನ ಮೇಲೆ ಹತ್ತು ನಿಮಿಷ ನಿಂತ ನಾಯಿಯಲ್ಲಿ ರಾತ್ರಿ ಎರಡು ಗಂಟೆಯ ಗೊಂದಲ ಕಾಣುವುದಿಲ್ಲ.

ನಾಯಿಗೆ ಯಾವಾಗ ವಯಸ್ಸಾಯಿತು ಅನ್ನಬೇಕು? ನಮ್ಮ ಒಂದು ವರ್ಷಕ್ಕೆ ನಾಯಿಯ ಏಳು ವರ್ಷ ಅನ್ನುವ ಲೆಕ್ಕ ಸರಿಯಲ್ಲ. ನಾಯಿ ಮೊದಲ ಒಂದೆರಡು ವರ್ಷ ಬಹಳ ಬೇಗ ಬೆಳೆಯುತ್ತದೆ, ಆಮೇಲೆ ನಿಧಾನ. ಗ್ರೇಟ್ ಡೇನ್‌ನಂಥ ದೊಡ್ಡ ನಾಯಿಗಳು ಆರೇಳು ವರ್ಷಕ್ಕೇ ಮುಪ್ಪಾಗುತ್ತವೆ. ಸ್ಪಿಟ್ಜ್‌ನಂಥ ಚಿಕ್ಕವು ಹತ್ತು ದಾಟಿದರೂ ಗಟ್ಟಿಯಾಗಿರುತ್ತವೆ.

ಮಿದುಳಿನ ಒಳಗೆ ಏನಾಗುತ್ತದೆ

ಮಿದುಳಿನ ಜೀವಕೋಶಗಳು ಕೆಲಸ ಮಾಡುವಾಗ ಸ್ವಲ್ಪ ಕಸ ಉಳಿಯುತ್ತದೆ. ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನಿನ ಚೂರುಗಳು ಅದರಲ್ಲಿ ಮುಖ್ಯವಾದವು. ಎಳೆಯ ವಯಸ್ಸಿನಲ್ಲಿ ಇದು ದಿನದಿನವೂ ಸಾಗಿಹೋಗುತ್ತದೆ, ಬೆಳಗ್ಗೆ ಬೆಳಗ್ಗೆ ಬೀದಿಗೆ ಕಸದ ಗಾಡಿ ಬಂದ ಹಾಗೆ. ವಯಸ್ಸಾದಂತೆ ಗಾಡಿ ಸರಿಯಾಗಿ ಬರುವುದಿಲ್ಲ. ಕಸ ಮೂಲೆಮೂಲೆಯಲ್ಲಿ ಗುಡ್ಡೆ ಬೀಳುತ್ತದೆ. ಕೋಶದಿಂದ ಕೋಶಕ್ಕೆ ಹೋಗಬೇಕಾದ ಸಂದೇಶಗಳು ಅಲ್ಲಲ್ಲೇ ತಡವರಿಸುತ್ತವೆ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಒಬ್ಬ ಮಹಿಳೆಯ ಮಿದುಳಿನಲ್ಲಿ ಕಂಡು ವಿವರಿಸಿದ ಗುಡ್ಡೆಗಳ ಜಾತಿಯವೇ ಇವು. ಮನುಷ್ಯರಲ್ಲಿ ಕೋಶದ ಒಳಗೆ ಕಾಣುವ ನಾರಿನ ಗಂಟುಗಳು ಮಾತ್ರ ನಾಯಿಗಳಲ್ಲಿ ಅಪರೂಪ. ಹಾಗಾಗಿ ಎರಡೂ ಒಂದೇ ಕಾಯಿಲೆ ಅನ್ನಲಾಗುವುದಿಲ್ಲ.

ಜೊತೆಗೆ ಮಿದುಳು ಕುಗ್ಗುತ್ತದೆ. ಗಿಟುಕು ಕೊಬ್ಬರಿ ನೋಡಿದ್ದೀರಲ್ಲ? ಹಸಿ ಕಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಒಣಗಿದಂತೆ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಮಿದುಳು ಕುಗ್ಗಿದಾಗ ಹಾಗೆ ಉಳಿದ ಜಾಗದಲ್ಲಿ ನೀರಿನಂಥ ದ್ರವ ತುಂಬಿಕೊಳ್ಳುತ್ತದೆ. ಎಂಆರ್‌ಐ ಮಾಡಿದರೆ ಇದು ಕಾಣುತ್ತದೆ.

ಹೆಚ್ಚು ಪೆಟ್ಟು ಬೀಳುವುದು ಮಿದುಳಿನ ಮುಂಭಾಗಕ್ಕೆ ಮತ್ತು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಹೊಸದನ್ನು ಕಲಿಯಲು, ಜಾಗ ಗುರುತಿಟ್ಟುಕೊಳ್ಳಲು ಬೇಕಾದ ಭಾಗಗಳು ಇವು. ಆದ್ದರಿಂದ ಹೊಸ ಮನೆಯಲ್ಲಿ ದಾರಿ ಹುಡುಕುವುದು ಕಷ್ಟವಾಗುತ್ತದೆ, ಎಂದಿನ ಹೊತ್ತಿಗೆ ತಟ್ಟೆಯ ಮುಂದೆ ಬಂದು ನಿಲ್ಲುವ ಹಳೇ ರೂಢಿ ಎಷ್ಟೋ ದಿನ ಉಳಿಯುತ್ತದೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ನಾವು ಮಾಡಬೇಕಾದ್ದೆಲ್ಲ ಇದರ ಮೇಲೇ ನಿಂತಿದೆ.

ಗುರುತಿಸುವುದು ಹೇಗೆ

ವೈದ್ಯರು ಲಕ್ಷಣಗಳನ್ನು ನೆನಪಿಡಲು ಇಂಗ್ಲಿಷಿನ ಐದು ಪದಗಳ ಮೊದಲ ಅಕ್ಷರ ಸೇರಿಸಿ ‘ದಿಶಾ’ ಅಂತ ಮಾಡಿಕೊಂಡಿದ್ದಾರೆ. ನಮಗೆ ಅದು ಇನ್ನೂ ಸುಲಭ. ದಿಶೆ ಅಂದರೆ ದಿಕ್ಕು, ಕಾಯಿಲೆಯೂ ದಿಕ್ಕು ತಪ್ಪುವುದೇ.

ಮೊದಲನೆಯದು ಗೊಂದಲ. ಗೊತ್ತಿರುವ ಮನೆಯಲ್ಲೇ ದಾರಿ ತಪ್ಪುವುದು, ಸೋಫಾ ಹಿಂದೆ ಹೋಗಿ ಹಿಂದಕ್ಕೆ ಬರಲು ಗೊತ್ತಾಗದೆ ನಿಲ್ಲುವುದು, ಗೋಡೆ ನೋಡುತ್ತಾ ಕೂರುವುದು. ಎರಡನೆಯದು ಜನರೊಡನೆ ಬದಲಾಗುವ ನಂಟು. ಬಾಗಿಲಿಗೆ ಓಡಿಬರುತ್ತಿದ್ದ ನಾಯಿ ತಲೆಯೆತ್ತಿಯೂ ನೋಡದಿರಬಹುದು. ಇಲ್ಲವೇ ಒಂದು ನಿಮಿಷವೂ ಬಿಟ್ಟಿರದೆ ಕಾಲಿಗೆ ಅಂಟಿಕೊಳ್ಳಬಹುದು. ಮೂರನೆಯದು ನಿದ್ದೆ ತಿರುವುಮುರುವಾಗುವುದು: ಹಗಲೆಲ್ಲ ಮಲಗಿ, ರಾತ್ರಿ ಓಡಾಟ, ಕೂಗು. ನಾಲ್ಕನೆಯದು ಮನೆಯೊಳಗೇ ಉಚ್ಚೆ, ಕಕ್ಕ. ಹೊರಗೆ ಅರ್ಧ ಗಂಟೆ ಸುತ್ತಿ ಬಂದು ಹಾಲ್‌ನಲ್ಲಿ ಮಾಡುವುದೂ ಉಂಟು. ಐದನೆಯದು ಚಟುವಟಿಕೆಯ ಬದಲಾವಣೆ, ಒಂದೋ ಏನೂ ಬೇಡವಾಗುವುದು, ಇಲ್ಲ ಗುರಿಯಿಲ್ಲದೆ ಸುತ್ತುವುದು. ಈಚೆಗೆ ಇದಕ್ಕೆ ಆರನೆಯದೊಂದು ಸೇರಿಸಿದ್ದಾರೆ, ಆತಂಕ. ಮಿಕ್ಸಿ ಸದ್ದಿಗೆ ಹೆದರದ ನಾಯಿ ಈಗ ಹೆದರುತ್ತದೆ.

ಎಲ್ಲವೂ ಒಟ್ಟಿಗೆ ಬರಬೇಕೆಂದೇನಿಲ್ಲ. ಕೆಂಚನಿಗೆ ಮೊದಲು ಬಂದದ್ದು ರಾತ್ರಿಯ ಓಡಾಟ. ಟೈಲ್ಸ್ ಮೇಲೆ ಉಗುರಿನ ಟಕ್ ಟಕ್ ಸದ್ದು ಗಂಟೆಗಟ್ಟಲೆ ಕೇಳುತ್ತಿತ್ತು.

ಕಂಡದ್ದನ್ನೆಲ್ಲ ಮರೆವು ಅನ್ನಬೇಡಿ

ಈ ಭಾಗವನ್ನು ದಯವಿಟ್ಟು ಹಾರಿಸದೆ ಓದಿ. ಸಿಸಿಡಿ ಇದೆ ಅಂತ ನೇರವಾಗಿ ತೋರಿಸುವ ರಕ್ತ ಪರೀಕ್ಷೆಯನ್ನು ಡಾಕ್ಟರುಗಳು ದಿನನಿತ್ಯ ಬಳಸುವುದಿಲ್ಲ. ಅವರು ಮಾಡುವುದು, ಹೀಗೇ ಕಾಣುವ ಬೇರೆ ಕಾಯಿಲೆಗಳು ಇಲ್ಲ ಅಂತ ಒಂದೊಂದಾಗಿ ಖಾತ್ರಿ ಮಾಡಿಕೊಳ್ಳುವುದು. ಅವುಗಳಲ್ಲಿ ಎಷ್ಟೋ ಕಾಯಿಲೆಗಳಿಗೆ ಚಿಕಿತ್ಸೆ ಇದೆ.

ಮನೆಯೊಳಗೆ ಉಚ್ಚೆ ಹೊಯ್ಯುವ ಮುದಿ ನಾಯಿಗೆ ಮೂತ್ರದ ಸೋಂಕು ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕಿಡ್ನಿ ತೊಂದರೆ ಇರಬಹುದು. ರಾತ್ರಿ ನಿಲ್ಲದೆ ಓಡಾಡುವ ನಾಯಿಗೆ ಮಂಡಿ, ಸೊಂಟದ ಕೀಲುನೋವಿನಿಂದ ಮಲಗಲು ಆಗದಿರಬಹುದು. ಹಲ್ಲುನೋವಿದ್ದರೆ ನಾಯಿ ಮಂಕಾಗುತ್ತದೆ, ಮುಟ್ಟಿದರೆ ಗುರ್ ಅನ್ನುತ್ತದೆ. ಕರೆದರೆ ಬಾರದ್ದು ಕಿವಿ ಕೇಳದೆ ಇರಬಹುದು, ಗೋಡೆಗೆ ಗುದ್ದುವುದು ಕಣ್ಣಿನ ಪೊರೆಯಿಂದ ಇರಬಹುದು. ಥೈರಾಯ್ಡ್ ಕುಂದಿರಬಹುದು, ರಕ್ತದೊತ್ತಡ ಏರಿರಬಹುದು, ಮಿದುಳಿನಲ್ಲಿ ಗೆಡ್ಡೆಯೂ ಇರಬಹುದು.

ಇನ್ನೊಂದು ಇದೆ, ಇದು ಜನರನ್ನು ತುಂಬಾ ಹೆದರಿಸುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ನಾಯಿ ಬೆಳಗ್ಗೆ ತಲೆ ಒಂದು ಕಡೆ ವಾಲಿಸಿ, ಕಣ್ಣು ಗುಡ್ಡೆ ಪಟಪಟ ಆಡಿಸುತ್ತಾ, ಕುಡಿದವರ ಹಾಗೆ ಬೀಳುತ್ತದೆ. ಇದು ಮರೆಗುಳಿ ಕಾಯಿಲೆಯಲ್ಲ. ಮುದಿ ನಾಯಿಗಳಲ್ಲಿ ದೇಹದ ಸಮತೋಲ ಕಾಯುವ ಒಳಗಿವಿಯ ವ್ಯವಸ್ಥೆ ಹಠಾತ್ತಾಗಿ ಕೆಡುವುದರಿಂದ ಹೀಗಾಗುವುದೇ ಜಾಸ್ತಿ. ಬಹುಪಾಲು ನಾಯಿಗಳು ಕೆಲವು ದಿನಗಳಿಂದ ಎರಡು ಮೂರು ವಾರದೊಳಗೆ ಚೇತರಿಸಿಕೊಳ್ಳುತ್ತವೆ. ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ, ಆದರೆ ಅದೇ ಗಾಬರಿಯಲ್ಲಿ ‘ಇನ್ನು ಮುಗೀತು’ ಅಂತ ತೀರ್ಮಾನ ಮಾಡಬೇಡಿ. ಸಿಸಿಡಿ ಒಂದು ರಾತ್ರಿಯಲ್ಲಿ ಬರುವುದಿಲ್ಲ, ತಿಂಗಳುಗಳಲ್ಲಿ ಮೆಲ್ಲಗೆ ಬರುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಮೊಬೈಲ್‌ನಲ್ಲಿ ವಿಡಿಯೊ ತೆಗೆದುಕೊಂಡು ಹೋಗಿ. ಬಾಗಿಲ ಸಂದಿಗೆ ಮೂಗಿಟ್ಟು ನಿಂತ ಕೆಂಚನ 40 ಸೆಕೆಂಡಿನ ವಿಡಿಯೊ ನಾನು ಹತ್ತು ನಿಮಿಷ ಹೇಳಿದ್ದಕ್ಕಿಂತ ಜಾಸ್ತಿ ತಿಳಿಸಿತು. ಅವನಿಗೆ ಮರೆವಿನ ಜೊತೆ ಹಿಂಗಾಲಿನ ಕೀಲುನೋವೂ ಇತ್ತು. ನೋವಿಗೆ ಔಷಧಿ ಶುರುಮಾಡಿದ ಮೇಲೆ ಅವನ ರಾತ್ರಿಗಳು ಅರ್ಧಕ್ಕರ್ಧ ಸುಧಾರಿಸಿದವು. ಒಂದು ಎಚ್ಚರಿಕೆ: ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ನೀವಾಗೇ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು.

ಔಷಧಿ ಮತ್ತು ಊಟ

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ನಿಧಾನ ಮಾಡುವ, ಹಗುರ ಮಾಡುವ ದಾರಿಗಳಿವೆ.

ಹೆಚ್ಚು ಕೇಳಿಬರುವ ಹೆಸರು ಸೆಲೆಜಿಲಿನ್. ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೂ ಇದನ್ನು ಕೊಡುತ್ತಾರೆ. ನಾಯಿಗಳ ಸಿಸಿಡಿಗೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಮಿದುಳಿನಲ್ಲಿ ಸಂದೇಶ ಹೊರುವ ಡೋಪಮೈನ್ ಬೇಗ ಕರಗಿಹೋಗದಂತೆ ಇದು ತಡೆಯುತ್ತದೆ. ಗುಣ ಕಾಣಲು ತಿಂಗಳು, ಒಂದೂವರೆ ತಿಂಗಳು ಬೇಕಾಗಬಹುದು. ಎಲ್ಲ ನಾಯಿಗಳಿಗೂ ಒಂದೇ ಥರ ಹಿಡಿಸುವುದಿಲ್ಲ. ನಮ್ಮ ಕಡೆ ಮುಖ್ಯವಾಗಿ ತಿಳಿದಿರಬೇಕಾದ್ದು ಇದು: ಉಣ್ಣೆ ಹೋಗಲೆಂದು ಮೈಗೆ ಹಚ್ಚುವ ಅಮಿಟ್ರಾಜ್ ಔಷಧಿ ಮತ್ತು ಸೆಲೆಜಿಲಿನ್ ಒಟ್ಟಿಗೆ ಆಗಬಾರದು. ಟ್ರಾಮಡಾಲ್ ಎಂಬ ನೋವಿನ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳ ಜೊತೆಗೂ ಆಗದು. ಉಣ್ಣೆಗೆ ಏನು ಹಚ್ಚುತ್ತೀರಿ ಅನ್ನುವುದನ್ನೂ ಡಾಕ್ಟರಿಗೆ ಹೇಳಿ.

ಊಟದ ವಿಷಯಕ್ಕೆ ಬಂದರೆ, ಮುದಿ ಮಿದುಳಿಗೆ ಸಕ್ಕರೆ ಅಂಶವನ್ನು ಉರಿಸಿ ಶಕ್ತಿ ಪಡೆಯುವುದು ಕಷ್ಟವಾಗುತ್ತದೆ. ಗ್ಯಾಸ್ ಒಲೆಯ ಉರಿ ಕಡಿಮೆಯಾದಾಗ ಇಂಡಕ್ಷನ್ ಒಲೆ ಇಟ್ಟುಕೊಂಡ ಹಾಗೆ, ಅದಕ್ಕೆ ಇನ್ನೊಂದು ಇಂಧನ ಕೊಡಬಹುದು. ಮಧ್ಯಮ ಗಾತ್ರದ ಕೊಬ್ಬಿನ ಕಣಗಳಿಂದ, ಅಂದರೆ ಎಂಸಿಟಿಯಿಂದ, ಯಕೃತ್ತು ಕೀಟೋನ್ ತಯಾರಿಸುತ್ತದೆ. ಮಿದುಳು ಅದನ್ನೂ ಉರಿಸಬಲ್ಲದು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಂಸಿಟಿ ಇರುವ ಊಟ ತಿಂದ ಮುದಿ ಬೀಗಲ್ ನಾಯಿಗಳು ಕಲಿಕೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದವು. ಹಾಗಂತ ಅನ್ನಕ್ಕೆ ಕೊಬ್ಬರಿ ಎಣ್ಣೆ ಸುರಿಯಬೇಡಿ. ಕೊಬ್ಬರಿ ಎಣ್ಣೆಯ ಬಹುಪಾಲು ಕೊಬ್ಬು ಅಷ್ಟು ಸಲೀಸಾಗಿ ಕೀಟೋನ್ ಆಗುವಂಥದ್ದಲ್ಲ. ಎಣ್ಣೆ ಜಾಸ್ತಿಯಾದರೆ ಭೇದಿ, ಮೇದೋಜೀರಕ ಗ್ರಂಥಿಯ ಊತ ಬರಬಹುದು. ಮುದಿ ನಾಯಿಗಳಿಗೆಂದೇ ತಯಾರಾದ ಆಹಾರ ಸಿಗುತ್ತದೆ, ನಿಮ್ಮ ನಾಯಿಗೆ ಯಾವುದು ಅಂತ ಡಾಕ್ಟರನ್ನೇ ಕೇಳಿ.

ಊಟದಷ್ಟೇ ಕೆಲಸ ಮಾಡುವುದು ಚಟುವಟಿಕೆ. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 2022ರಲ್ಲಿ 15,019 ನಾಯಿಗಳ ಮಾಹಿತಿ ಪ್ರಕಟಿಸಿತು. ಒಂದೇ ವಯಸ್ಸಿನ, ಒಂದೇ ತಳಿಯ ನಾಯಿಗಳನ್ನು ಹೋಲಿಸಿದರೆ, ತುಂಬಾ ಓಡಾಡುವ ನಾಯಿಗಿಂತ ಓಡಾಡದ ನಾಯಿಗೆ ಸಿಸಿಡಿ ಇರುವ ಸಂಭವ ಆರು ಪಟ್ಟಿಗೂ ಮೀರಿತ್ತು. ಓಡಾಡದೆ ಕಾಯಿಲೆ ಬಂತೋ, ಕಾಯಿಲೆಯಿಂದ ಓಡಾಟ ನಿಂತಿತೋ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ. ಆದರೆ ಇನ್ನೊಂದು ಅಧ್ಯಯನದಲ್ಲಿ ಬೀಗಲ್‌ಗಳನ್ನು ವರ್ಷಗಟ್ಟಲೆ ಗಮನಿಸಿದಾಗ, ಒಳ್ಳೆಯ ಊಟದ ಜೊತೆ ವಾಕಿಂಗ್, ಆಟ, ಜೊತೆಗಾರ ನಾಯಿ ಎಲ್ಲ ಸಿಕ್ಕವುಗಳ ಬುದ್ಧಿ ಹೆಚ್ಚು ಕಾಲ ಉಳಿಯಿತು.

ಮನೆ ಬದಲಾಗದಿರಲಿ

ಹೋದ ಗೌರಿ ಹಬ್ಬಕ್ಕೆ ಮನೆ ತೊಳೆದೆವು. ದಿವಾನ್ ಕಿಟಕಿ ಕಡೆಯಿಂದ ಎದುರು ಗೋಡೆಗೆ ಸರಿಸಿದೆವು. ನೆಲವೆಲ್ಲ ಫಿನಾಯಿಲ್. ಆ ದಿನ ಕೆಂಚ ದಿವಾನ್ ಇದ್ದ ಖಾಲಿ ಜಾಗಕ್ಕೆ ಹೋಗಿ ನಿಂತ, ಅಲ್ಲೇ ಉಚ್ಚೆ ಹೊಯ್ದ, ಸಂಜೆವರೆಗೆ ನಡುಗುತ್ತಿದ್ದ. ನಮಗೆ ಅದು ಹಬ್ಬದ ತಯಾರಿ. ಅವನಿಗೆ ಗುರುತಿದ್ದ ಜಾಗವೂ ಹೋಯಿತು, ಗುರುತಿದ್ದ ವಾಸನೆಯೂ ಹೋಯಿತು. ಮಾರನೇ ದಿನ ದಿವಾನ್ ಹಿಂದಕ್ಕೆ ಬಂತು. ಈಗ ಅವನ ಮೂಲೆಯನ್ನು ಬರೀ ನೀರಿನಲ್ಲಿ ಒರೆಸುತ್ತೇವೆ. ಅವನ ಹಳೇ ಬೆಡ್‌ಶೀಟನ್ನು ಎಲ್ಲದರ ಜೊತೆ ಒಟ್ಟಿಗೇ ಒಗೆಯುವುದಿಲ್ಲ.

ಮೊದಲು ನೆಲ ನೋಡಿ. ನಮ್ಮ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಮುದಿ ನಾಯಿಗೆ ಮಂಜುಗಡ್ಡೆ ಇದ್ದ ಹಾಗೆ. ಹಿಂಗಾಲು ಎರಡೂ ಕಡೆ ಜಾರುತ್ತದೆ, ಆಮೇಲೆ ಹೆದರಿ ಏಳುವುದನ್ನೇ ಬಿಡುತ್ತದೆ. ದುಬಾರಿ ಮ್ಯಾಟ್ ಬೇಕಿಲ್ಲ. ಮಲಗುವ ಜಾಗದಿಂದ ನೀರಿಗೆ, ನೀರಿನಿಂದ ಹಿತ್ತಲಿಗೆ ಗೋಣಿಚೀಲ ಹಾಸಿ, ಜಾರದಂತೆ ಅಂಚಿಗೆ ಟೇಪ್ ಅಂಟಿಸಿದರೆ ಸಾಕು. ಆ ಒರಟು ದಾರಿ ಕಾಲಿಗೆ ಸಿಗುತ್ತಲೇ ಅದೇ ದಾರಿ ತೋರಿಸುತ್ತದೆ. ಬಾಗಿಲಿನ ವಿಷಯಕ್ಕೆ ನಾವು ಮಾಡಿದ್ದು ಇಷ್ಟು. ಬಡಗಿಯನ್ನು ಕರೆಸಿ ಹಿತ್ತಲ ಒಳಬಾಗಿಲನ್ನೇ ಕಳಚಿಸಿದೆವು. ಈಚೆಗೆ ಪರದೆ, ಆಚೆಗೆ ಗ್ರಿಲ್. ಕೀಲಿನ ಕಡೆ ಯಾವುದು ಅನ್ನುವ ಪ್ರಶ್ನೆಯೇ ಈಗ ಅವನಿಗಿಲ್ಲ.

ಮೆಟ್ಟಿಲಿಗೆ ಪ್ಲೈವುಡ್ ಅಡ್ಡ ಇಡಿ, ಸಂಪ್ ಮುಚ್ಚಳ ಹಾಕಿದೆಯೇ ನೋಡಿ, ಗೇಟ್ ಮುಚ್ಚಿರಲಿ. ಈ ನಾಯಿಗಳು ಹೊರಗೆ ಹೋದರೆ ಮನೆಗೆ ದಾರಿ ಸಿಗುವುದಿಲ್ಲ. ಕುತ್ತಿಗೆಯ ಬೆಲ್ಟ್‌ನಲ್ಲಿ ಫೋನ್ ನಂಬರ್ ಇರಲಿ. ನೀರು ಎರಡು ಮೂರು ಕಡೆ ಇಡಿ.

ಊಟ, ವಾಕಿಂಗ್ ಎಲ್ಲ ದಿನವೂ ಅದೇ ಹೊತ್ತಿಗೆ, ಅದೇ ಬೀದಿಯಲ್ಲಿ. ಬೇಗ ಬೇಗ ಎಳೆದುಕೊಂಡು ಹೋಗಬೇಡಿ. ಕಣ್ಣು, ಕಿವಿ ಮಂದವಾದರೂ ಮೂಗು ಕೆಲಸ ಮಾಡುತ್ತಿರುತ್ತದೆ, ಒಂದು ಕಂಬದ ಬುಡವನ್ನು ಐದು ನಿಮಿಷ ಮೂಸಿದರೆ ಮೂಸಲಿ. ಅದೇ ಅದಕ್ಕೆ ಪೇಪರ್ ಓದಿದ ಹಾಗೆ. ಮನೆಯಲ್ಲಿ ಹಳೇ ಟವೆಲ್ ಸುತ್ತಿ, ಒಳಗೆ ಬೇಯಿಸಿದ ಕೋಳಿ ಚೂರು ಇಟ್ಟು ಹುಡುಕಲು ಬಿಡಿ.

ಬೈಯಬೇಡಿ. ಯಾಕೆ ಬೈಸಿಕೊಂಡೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಹೆದರಿಕೆ ಮಾತ್ರ ಉಳಿಯುತ್ತದೆ. ಕಿವಿ ಕೇಳದಿದ್ದರೆ ಹಿಂದಿನಿಂದ ಹೋಗಿ ಮುಟ್ಟಬೇಡಿ, ಬೆಚ್ಚಿ ಕಚ್ಚಬಹುದು. ನೆಲವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, ನೆಲ ಅದುರುವುದು ಗೊತ್ತಾಗಲಿ. ಇದನ್ನು ಮಕ್ಕಳಿಗೂ ಹೇಳಿಕೊಡಿ. ಊರಿಗೆ ಹೋಗುವಾಗ ಬೇರೆಲ್ಲೋ ಬಿಡುವುದಕ್ಕಿಂತ, ಅದಕ್ಕೆ ಗೊತ್ತಿರುವ ಒಬ್ಬರು ಮನೆಗೇ ಬಂದು ಉಳಿದರೆ ಒಳ್ಳೆಯದು. ಪಟಾಕಿ ಸದ್ದಿನ ಹೆದರಿಕೆಯ ಬಗ್ಗೆ ದೀಪಾವಳಿಗೆ ಒಂದು ವಾರ ಮುಂಚೆಯೇ ಡಾಕ್ಟರ ಜೊತೆ ಮಾತಾಡಿ.

ರಾತ್ರಿಗಳು

ಸಂಜೆ ಕವಿಯುತ್ತಿದ್ದಂತೆ ಗೊಂದಲ ಹೆಚ್ಚುವ ನಾಯಿಗಳಿವೆ, ಮನುಷ್ಯರಲ್ಲೂ ಹೀಗಾಗುತ್ತದೆ. ಬೆಳಗಿನ ಬಿಸಿಲಿನಲ್ಲಿ ಹೊರಗೆ ಕರೆದೊಯ್ಯಿರಿ, ಹಗಲು ಆಗಾಗ ಎಬ್ಬಿಸಿ ಮಾತಾಡಿಸಿ, ರಾತ್ರಿ ಹತ್ತಕ್ಕೆ ಇನ್ನೊಮ್ಮೆ ಉಚ್ಚೆಗೆ ಬಿಡಿ. ಮಲಗುವ ಕಡೆ ಒಂದು ಜೀರೋ ವ್ಯಾಟ್ ಬಲ್ಬ್ ಉರಿಯುತ್ತಿರಲಿ, ಕತ್ತಲಲ್ಲಿ ಎದ್ದಾಗ ಎಲ್ಲಿದ್ದೇನೆ ಅಂತ ತಿಳಿಯುತ್ತದೆ. ಇಷ್ಟು ಮಾಡಿಯೂ ನಿದ್ದೆ ಬಾರದಿದ್ದರೆ ನಿದ್ದೆಗೆ, ಆತಂಕಕ್ಕೆ ಔಷಧಿಗಳಿವೆ, ವೈದ್ಯರು ಕೊಡುತ್ತಾರೆ.

ನೋಡಿಕೊಳ್ಳುವವರಿಗೂ ನಿದ್ದೆ ಬೇಕು. ನಾನು, ಅಣ್ಣ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಲ್‌ನಲ್ಲಿ ಮಲಗುತ್ತೇವೆ. ಮೂರು ರಾತ್ರಿ ಕೆಟ್ಟು ನಾಲ್ಕನೇ ದಿನ ನಾಯಿಯ ಮೇಲೆ ರೇಗಿದ್ದರೆ ನಿಮ್ಮಲ್ಲಿ ಪ್ರೀತಿ ಕಡಿಮೆಯಾಗಿದೆ ಅಂತಲ್ಲ. ನಿಮಗೆ ದಣಿವಾಗಿದೆ, ಅಷ್ಟೆ. ಮನೆಯವರನ್ನು ಸಹಾಯಕ್ಕೆ ಕರೆಯಿರಿ.

ಯಾವಾಗ ಸಾಕು ಅನ್ನಬೇಕು

ಸಿಸಿಡಿಯೊಂದಿಗೆ ನಾಯಿಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಬದುಕುತ್ತವೆ. ಕಾಯಿಲೆ ತಾನಾಗಿ ಉಸಿರು ನಿಲ್ಲಿಸುವುದು ಕಡಿಮೆ. ಹಾಗಾಗಿ ತೀರ್ಮಾನ ಎಷ್ಟೋ ಸಲ ಮನೆಯವರ ಕೈಗೇ ಬರುತ್ತದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೋಬೋಸ್ ಇದಕ್ಕೆ ಏಳು ಪ್ರಶ್ನೆಗಳ ಅಳತೆಗೋಲು ಕೊಟ್ಟಿದ್ದಾರೆ: ನೋವು ಹಿಡಿತದಲ್ಲಿದೆಯೇ, ತಿನ್ನುತ್ತಿದೆಯೇ, ನೀರು ಕುಡಿಯುತ್ತಿದೆಯೇ, ಮೈ ಚೊಕ್ಕಟವಾಗಿ ಇಡಲು ಆಗುತ್ತಿದೆಯೇ, ಏನಾದರೂ ಖುಷಿ ಉಳಿದಿದೆಯೇ, ಓಡಾಡುತ್ತಿದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯೇ. ಪ್ರತಿಯೊಂದಕ್ಕೂ ಹತ್ತಕ್ಕೆ ಅಂಕ. ಒಟ್ಟು 35 ದಾಟಿದರೆ ಬದುಕು ಸಹ್ಯವಾಗಿದೆ ಅಂತ.

ದಯಾಮರಣ ಅಂದರೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದು. ಮೊದಲು ಮಂಪರು, ಆಮೇಲೆ ಪ್ರಜ್ಞೆ ಹೋಗುತ್ತದೆ, ಕೆಲವು ನಿಮಿಷದಲ್ಲಿ ಹೃದಯ ನಿಲ್ಲುತ್ತದೆ. ಇದನ್ನು ಪಶುವೈದ್ಯರೇ ಮಾಡಬೇಕು. ಬದುಕಿಸಿಡುವುದೇ ಹಿಂಸೆಯಾಗುವಷ್ಟು ನರಳುವ ಪ್ರಾಣಿಗೆ ಇದಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅವಕಾಶವಿದೆ. ನಾಯಿ ಹಸಿವು, ಬಾಯಾರಿಕೆಯಿಂದ ನರಳುವ ಹಾಗೆ ಬೀದಿಗೆ ಬಿಟ್ಟುಬರುವುದು ಅದೇ ಕಾಯ್ದೆಯಲ್ಲಿ ಅಪರಾಧ. ದಾರಿ ನೆನಪಿಲ್ಲದ ನಾಯಿಯನ್ನು ಬೀದಿಗೆ ಬಿಡುವುದಕ್ಕಿಂತ ಕ್ರೂರವಾದದ್ದು ನನಗೆ ತೋಚುವುದಿಲ್ಲ.

ಅಂಕದ ಹಾಳೆ ಅಮ್ಮನಿಗೆ ಹಿಡಿಸಲಿಲ್ಲ. ಅವರು ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಪೆನ್ನಿನಲ್ಲೇ ಕೆಂಚನ ಲೆಕ್ಕವನ್ನೂ ಬರೆಯುತ್ತಾರೆ. ತಿಂದು, ನಡೆದು, ಬಾಲ ಆಡಿಸಿದ ದಿನಕ್ಕೆ ಒಂದು ಚುಕ್ಕೆ. ಕೆಟ್ಟ ದಿನದ ಚೌಕ ಖಾಲಿ. ಈ ತಿಂಗಳು 23 ದಿನ ಕಳೆದಿದೆ, ಚುಕ್ಕೆ 17 ಇವೆ. ಖಾಲಿ ಚೌಕ ಜಾಸ್ತಿಯಾದ ತಿಂಗಳು ಡಾಕ್ಟರಿಗೆ ಫೋನ್ ಮಾಡುವುದು ಅಂತ ಮೂವರೂ ಕೂತು ಮಾತಾಡಿದ್ದೇವೆ. ಇವತ್ತು ಬೆಳಗ್ಗೆ ಅವನು ಗೋಣಿಚೀಲದ ದಾರಿ ಹಿಡಿದು ಪರದೆ ಸರಿಸಿ ತಾನಾಗೇ ಹಿತ್ತಲಿಗೆ ಹೋದ. ಅಮ್ಮ ಆಗಲೇ ಚುಕ್ಕೆ ಇಟ್ಟಿದ್ದಾರೆ.